ಸೂಚಿಯಲ್ಲಿ ಇಲ್ಲದ ಹೆಂಗಸರು

ವಡಲಿಮುನೈ, ರಾಮನಾಥಪುರಂ ಜಿಲ್ಲೆ
೪ ಜೂನ್ ೨೦೦೨

ಕರಾವಳಿ ದಾಖಲೆ ಗ್ರಂಥಾಲಯದ ಅಧಿಕಾರಿಗಳಿಗೆ, ಚೆನ್ನೈ.

ಅಯ್ಯಾ, ವಣಕ್ಕಂ.

ಕಡಲಿನ ಬಗ್ಗೆ ಬೆಳ್ಳಗಿನವರ ಕಾಲದಿಂದ ಬರೆದ ವರದಿಗಳೆಲ್ಲ ನಿಮ್ಮಲ್ಲಿವೆ, ದೂರದವರು ನಮೂನೆ ತುಂಬಿ ಕಳಿಸಿದರೆ ನೀವೇ ಕಂಪ್ಯೂಟರಿನಲ್ಲಿ ಹುಡುಕಿಕೊಡುತ್ತೀರಿ ಎಂದು ಒಬ್ಬರು ಹೇಳಿದರು. ನಮೂನೆ ತುಂಬಿ ಜೊತೆಗಿಟ್ಟಿದ್ದೇನೆ. ನಮ್ಮ ಹೆಂಗಸರು ಪಾಸಿ ತೆಗೆಯುವುದರ ಬಗ್ಗೆ ಹಳೆಯ ಬರಹ ಬೇಕು. ಪಾಸಿ ಎಂದರೆ ಕಡಲ ತಳದ ಬಂಡೆಗೆ ಹತ್ತಿಕೊಂಡಿರುವ ಪಾಚಿ, ಮುಳುಗಿ ಕೀಳಬೇಕು. ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದು. ಸ್ವಲ್ಪ ಅವಸರವಿದೆ.

ಇಂತಿ,
ಎಂ. ಪೂಮಯಿಲ್


ಚೆನ್ನೈ
೧೯ ಜೂನ್ ೨೦೦೨

ಕುಮಾರಿ ಪೂಮಯಿಲ್ ಅವರಿಗೆ,

ನಮೂನೆ ತಲುಪಿತು. ‘ಹುಡುಕುಪದಗಳು, ಆರಕ್ಕೆ ಮೀರದಂತೆ’ ಎಂದು ಅಚ್ಚಾಗಿರುವ ಜಾಗದಲ್ಲಿ ತಾವು ಹೀಗೆ ಬರೆದಿದ್ದೀರಿ: ‘ನಮ್ಮ ಊರಿನ ಹೆಂಗಸರು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಕಡಲಲ್ಲಿ ಮುಳುಗಿ ಪಾಸಿ ಕೀಳುತ್ತಿರುವುದು ನಿಜ ಎಂದು ಬರೆದಿರುವ ಯಾವುದಾದರೂ ಹಳೆಯ ಪುಸ್ತಕ.’ ಹದಿನಾರು ಪದ. ಜಾಗ ಸಾಲದೆ ಅಂಚಿಗೂ ಹರಿದಿದ್ದೀರಿ. ನಮ್ಮ ಸೂಚಿ ಇಂಗ್ಲಿಷಿನಲ್ಲಿರುವುದರಿಂದ ಇದನ್ನು ಇಂಗ್ಲಿಷಿಗೆ ತಿರುಗಿಸಿ, ನಿಮಗೊಂದು ಪಾಠವಾಗಲೆಂದು, ಇಡಿಯಾಗಿ ಯಂತ್ರಕ್ಕೆ ಉಣಿಸಿದೆ. ಸಿಕ್ಕಿದ್ದು ಸೊನ್ನೆ.

ಗ್ರಂಥಾಲಯಕ್ಕೆ ಬರುವವರು ದೇವಸ್ಥಾನಕ್ಕೆ ಬಂದಂತೆ ಬಂದು ಹರಕೆ ಒಪ್ಪಿಸುತ್ತಾರೆ. ಯಂತ್ರಕ್ಕೆ ಕರುಣೆಯಿಲ್ಲ. ನೀವು ಕೊಟ್ಟ ಪದ ಸೂಚಿಯಲ್ಲಿ ಇದೆಯೋ ಇಲ್ಲವೋ, ಅದಕ್ಕೆ ಗೊತ್ತಿರುವುದು ಇಷ್ಟೇ. ‘ನಮ್ಮ’, ‘ನಿಜ’, ‘ಯಾವುದಾದರೂ’ ಎಂಬ ಪದಗಳಲ್ಲಿ ಯಾವ ವರದಿಯನ್ನೂ ಯಾರೂ ಪಟ್ಟಿ ಮಾಡಿಲ್ಲ. ವಾಕ್ಯವನ್ನು ಒಡೆಯಿರಿ. ಅದರಲ್ಲಿ ವಸ್ತು ಯಾವುದು, ಕೆಲಸ ಯಾವುದು, ಮಾಡುವವರು ಯಾರು, ಊರು ಯಾವುದು? ನಾಲ್ಕು ನಾಮಪದಗಳು ಉಳಿಯುತ್ತವೆ. ಉಳಿದದ್ದು ಜೊಳ್ಳು.

ಈಚೆಗೆ ವಿಶ್ವವಿದ್ಯಾಲಯಗಳು ಇದನ್ನೂ ಕಲಿಸದೆ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಅಟ್ಟುತ್ತಿರುವುದು ನನಗೆ ಹೊಸದಲ್ಲ. ನಿಮ್ಮ ಮಾರ್ಗದರ್ಶಕರಿಗೆ ಈ ಪತ್ರ ತೋರಿಸಬಹುದು.

ಸಿ. ನಮಶಿವಾಯಂ
ಹಿರಿಯ ಪರಾಮರ್ಶನ ಗ್ರಂಥಪಾಲಕ


ವಡಲಿಮುನೈ
೨ ಜುಲೈ ೨೦೦೨

ಅಯ್ಯಾ,

ನೀವು ಹೇಳಿದ ಹಾಗೆ ಒಡೆದಿದ್ದೇನೆ. ವಸ್ತು: ಪಾಸಿ. ಕೆಲಸ: ಮುಳುಗುವುದು. ಮಾಡುವವರು: ಹೆಂಗಸರು. ಊರು: ವಡಲಿಮುನೈ. ನಮ್ಮ ಶಾಲೆಯ ಸೆಲ್ವರಾಣಿ ಟೀಚರ್ ಇವುಗಳ ಇಂಗ್ಲಿಷನ್ನು ನಮೂನೆಯಲ್ಲಿ ಬರೆದುಕೊಟ್ಟಿದ್ದಾರೆ. ನಿಮ್ಮ ಪತ್ರವನ್ನು ಅವರಿಗೆ ತೋರಿಸಿದೆ. ಓದಿ ಬಹಳ ಹೊತ್ತು ನಕ್ಕರು. ಯಾಕೆ ಎಂದು ಹೇಳಲಿಲ್ಲ.

ದಯವಿಟ್ಟು ಬೇಗ ನೋಡಿ.

ಪೂಮಯಿಲ್


ಚೆನ್ನೈ
೨೦ ಜುಲೈ ೨೦೦೨

ಕುಮಾರಿ ಪೂಮಯಿಲ್ ಅವರಿಗೆ,

ನಾಲ್ಕು ಪದಗಳನ್ನೂ ‘ಮತ್ತು’ ಎಂದು ಜೋಡಿಸಿ ಹುಡುಕಿದೆ. ಸೊನ್ನೆ. ‘ಮತ್ತು’ ಎಂದಾಗ ನಾಲ್ಕೂ ಒಂದೇ ನಮೂದಿನಲ್ಲಿ ಇರಲೇಬೇಕು. ಒಂದೊಂದು ಪದ ಸೇರಿಸಿದಂತೆ ಬಲೆಯ ಕಣ್ಣು ಕಿರಿದಾಗುತ್ತದೆ. ಮೀನುಗಾರರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರುವುದು ವಿಚಿತ್ರ. ಆಮೇಲೆ ಹುಡುಕಾಟದಿಂದ ಊರನ್ನು ಬಿಟ್ಟೆ. ಕುಗ್ರಾಮದ ಹೆಸರನ್ನು ಯಾವ ಸೂಚಿಕಾರನೂ ಸೂಚಿಗೆ ಏರಿಸುವುದಿಲ್ಲ, ಏರಿಸಿದ್ದರೂ ಇಂಗ್ಲಿಷ್ ಗುಮಾಸ್ತರು ಒಂದೊಂದು ಹೆಸರನ್ನು ಹನ್ನೊಂದು ಬಗೆಯಲ್ಲಿ ಬರೆದಿದ್ದಾರೆ. ‘ಸೀವೀಡ್’ ಒಂದನ್ನೇ ಹಾಕಿದರೆ ಸಾವಿರದ ನೂರ ನಲವತ್ತಾರು ನಮೂದು. ಅದು ಮಾಹಿತಿಯಲ್ಲ, ಕಸ. ‘ಸೀವೀಡ್’ ಜೊತೆಗೆ ‘ಹೆಂಗಸರು’ ಹಾಕಿದಾಗ ಒಂಬತ್ತು. ಒಂಬತ್ತೂ ಈಚಿನ ಹತ್ತು ವರ್ಷದವು, ಸ್ವಸಹಾಯ ಸಂಘಗಳ ಬಗ್ಗೆ ಯಾರೋ ಬರೆದ ಹೊಗಳಿಕೆಗಳು. ಅದಕ್ಕೆ ಮುಂಚೆ ಒಂದೂ ಇಲ್ಲ.

ನಮ್ಮಲ್ಲಿ ನೂರ ಮೂವತ್ತು ವರ್ಷಗಳ ದಾಖಲೆ ಇದೆ. ಅದರಲ್ಲಿ ಇಲ್ಲದ್ದು ನಡೆದಿಲ್ಲ ಎಂದು ತಿಳಿಯುವುದು ಸಂಶೋಧಕರಿಗೆ ಒಳ್ಳೆಯದು. ಹೆಂಗಸರು ಕಡಲಲ್ಲಿ ಮುಳುಗುತ್ತಿದ್ದರೆಂಬುದು ಕೇಳಲು ಚೆನ್ನಾಗಿದೆ. ಜಾನಪದ ವಿಭಾಗಕ್ಕೆ ವರ್ಗ ಮಾಡಿಸಿಕೊಳ್ಳಿ. ಅಲ್ಲಿ ಪುರಾವೆ ಕೇಳುವುದಿಲ್ಲ.

ಈ ವಿಚಾರಣೆಯನ್ನು ಮುಕ್ತಾಯಗೊಳಿಸಿದ್ದೇನೆ.

ಸಿ. ನಮಶಿವಾಯಂ


ವಡಲಿಮುನೈ
೬ ಆಗಸ್ಟ್ ೨೦೦೨

ನಮಶಿವಾಯಂ ಅವರಿಗೆ,

ನಾನು ಕುಮಾರಿಯಲ್ಲ. ನನಗೆ ನಲವತ್ತಾರು ವರ್ಷ, ಇಬ್ಬರು ಹೆಣ್ಣುಮಕ್ಕಳು. ವಿದ್ಯಾರ್ಥಿಯೂ ಅಲ್ಲ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಕಡಲಿಗೆ ಇಳಿದವಳು. ನೀವು ‘ನಡೆದಿಲ್ಲ’ ಎಂದು ಬರೆದಿರುವುದನ್ನು ಮೂವತ್ತಮೂರು ವರ್ಷದಿಂದ ಮಾಡುತ್ತಿದ್ದೇನೆ. ನಿಮ್ಮ ಪತ್ರ ಬಂದ ದಿನ ಬೆಳಿಗ್ಗೆಯೂ ಮಾಡಿ ಬಂದಿದ್ದೆ. ಬಂಡೆ ಕೊಯ್ಯದಿರಲೆಂದು ಬೆರಳಿಗೆ ಸುತ್ತಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

ಸರ್ಕಾರಿ ಗ್ರಂಥಾಲಯ, ಕೇಸು ಎಂದರೆ ಹೆದರಿ ಕೊಡುವುದಿಲ್ಲ, ಹೇಳಬೇಡಿ ಎಂದು ವಕೀಲರು ಅಂದಿದ್ದರು. ಈಗ ಹೇಳುತ್ತೇನೆ. ದ್ವೀಪಗಳ ಸುತ್ತಲಿನ ಕಡಲು ಸಂರಕ್ಷಿತ, ಅಲ್ಲಿ ಇಳಿಯಬಾರದು ಎಂದು ಮಾರ್ಚಿನಲ್ಲಿ ನಮ್ಮ ಒಂಬತ್ತು ಜನರನ್ನು ಕಾವಲಿನವರು ಹಿಡಿದರು. ನೀರೊಳಗೆ ನೋಡಲು ಹಾಕುವ ಕಣ್ಣಿನ ಕನ್ನಡಿ, ಈಜಲು ಕಾಲಿಗೆ ಕಟ್ಟುವ ತಗಡು, ಚೀಲ, ಎಲ್ಲ ಕಿತ್ತುಕೊಂಡರು. ಕಾಳಿಯಾಯಿ ನನ್ನ ನಾದಿನಿ. ಅವಳು ಕೇಳಿದಳು, “ಯಾಕಪ್ಪಾ, ನಮ್ಮಜ್ಜಿ ಇಳಿದಿದ್ದ ನೀರಿಗೆ ನಾವು ಇಳೀಬಾರ್ದಾ?”

ಅದಕ್ಕೆ ಕಾವಲಿನವನು ಅಂದ, “ನಿಮ್ಮಜ್ಜಿ ಮನೇಲಿ ಗಂಜಿ ಕಾಯಿಸ್ತಿದ್ಲು. ಹೆಂಗಸ್ರು ಈಗೀಗ ದುಡ್ಡಿನಾಸೆಗೆ ಇಳಿದಿರೋದು. ಇದ್ರೆ ಒಂದು ಕಾಗದ ತೋರ್ಸು.”

ನ್ಯಾಯಾಲಯದಲ್ಲೂ ಅದೇ ಮಾತು. ಕಾನೂನು ಬರುವ ಮೊದಲೇ ಹೆಂಗಸರು ಇಲ್ಲಿ ಪಾಸಿ ತೆಗೆಯುತ್ತಿದ್ದರೆಂದು ಒಂದು ಹಳೆಯ ಕಾಗದ ತೋರಿಸಿ ಎಂದಿದ್ದಾರೆ. ಅಕ್ಟೋಬರ್ ಇಪ್ಪತ್ತೊಂದಕ್ಕೆ ವಾಯಿದೆ. ಕಾವಲಿನವನು ಮೂರನೇ ಕ್ಲಾಸು ಓದಿದ್ದಾನೆ. ನೀವು ಎಷ್ಟು ಓದಿದ್ದೀರೋ ಗೊತ್ತಿಲ್ಲ. ಇಬ್ಬರೂ ಹೇಳಿದ್ದು ಒಂದೇ.

ನಿಮ್ಮ ಪತ್ರವನ್ನು ನಾನು ಇರುಳಾಯಿ ಅಜ್ಜಿಗೆ ಓದಿ ಹೇಳಿದೆ. ನಮ್ಮ ಬೀದಿಯ ಕೊನೆಯ ಮನೆಯವಳು, ಎಪ್ಪತ್ತೈದು ದಾಟಿದೆ, ಕಿವಿ ಚುರುಕು. ಕರುವಾಡಿಗೆಂದು ಮೀನು ಒಣಗಿಸುತ್ತಾ ಕೇಳಿಸಿಕೊಂಡಳು.

“ಅವನ್ಯಾರೇ ಅವ್ನು, ಪೇಪರಲ್ಲಿ ಕಡಲು ಹುಡುಕೋನು?” ಅಂದಳು. “ಪಾಸಿ ಅಂತ ಕೇಳಿದ್ರೆ ಅವ್ನಿಗೆ ಸಿಗಲ್ಲ ಕಣೇ. ಬಿಳಿ ದೊರೆ ಪಾಸಿ ಅಂತಿರ್ಲಿಲ್ಲ. ಅಗರ್ ಅಗರ್ ಅಂತಿದ್ದ, ಪಾಸಿ ಬೇಯ್ಸಿ ತೆಗ್ಯೋ ಅಂಟು. ಜಪಾನ್‌ಕಾರನ ಯುದ್ಧ ಬಂತಲ್ಲ, ಅಲ್ಲಿಂದ ಬರ್ತಿದ್ದದ್ದು ನಿಂತೋಯ್ತು. ಆಸ್ಪತ್ರೆಗೆ ಬೇಕು, ತಗೀರಿ ತಗೀರಿ ಅಂತ ಬಂದ. ನಾನಾಗ ಇನ್ನೂ ದೊಡ್ಡವಳಾಗಿ ಒಂದೆರಡು ವರ್ಷ.”

“ನಿಮ್ಮನ್ನ ಏನಂತ ಬರ್ಕೊಂಡ್ರು ಆತ್ತಾ? ಹೆಂಗಸರು ಅಂತಾನಾ?”

“ನಮ್ಮನ್ನ ಹೆಂಗಸ್ರು ಅಂತ ಯಾವನು ಕರ್ದ? ಕೂಲಿ ಅಂತಿದ್ರು. ಏ ಕೂಲಿ, ಇಲ್ಬಾ. ಏ ಕೂಲಿ, ಇಳಿ.”

ಆದ್ದರಿಂದ ‘ಸೀವೀಡ್’ ತೆಗೆದುಹಾಕಿ. ‘ಹೆಂಗಸರು’ ತೆಗೆದುಹಾಕಿ. ಅಗರ್ ಹಾಕಿ, ಕೂಲಿ ಹಾಕಿ, ಯುದ್ಧದ ವರ್ಷಗಳಿಗೆ ನಿಲ್ಲಿಸಿ. ಬರೆದವನು ಏನೆಂದು ಕರೆದಿದ್ದನೋ ಆ ಪದದಲ್ಲಿ ಹುಡುಕಬೇಕೇ ಹೊರತು ನಾವು ಏನೆಂದು ಕರೆಯುತ್ತೇವೋ ಆ ಪದದಲ್ಲಿ ಅಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ನಿಮಗೆ ಅದಕ್ಕೇ ಸಂಬಳ.

ಎಂ. ಪೂಮಯಿಲ್


ಚೆನ್ನೈ
೨೮ ಆಗಸ್ಟ್ ೨೦೦೨

ಶ್ರೀಮತಿ ಪೂಮಯಿಲ್ ಅವರಿಗೆ,

ಪತ್ರದ ಧಾಟಿಯನ್ನು ಗಮನಿಸಿದ್ದೇನೆ.

‘ಅಗರ್’ಗೆ ಮುನ್ನೂರ ಎರಡು. ೧೯೪೦ರಿಂದ ೪೬ರವರೆಗೆ ಎಂದು ಗೆರೆ ಎಳೆದಾಗ ಇಪ್ಪತ್ತೇಳು. ‘ಕೂಲಿ’ ಸೇರಿಸಿದಾಗ ಒಂದೂ ಇಲ್ಲ. ‘ಕೂಲಿ’ ಅಥವಾ ‘ಕಾರ್ಮಿಕ’ ಅಥವಾ ‘ಆಳು’ ಎಂದು ಬಲೆ ಅಗಲಿಸಿದಾಗಲೂ ಒಂದೂ ಇಲ್ಲ. ಆದ್ದರಿಂದ ಇಪ್ಪತ್ತೇಳು ನಮೂದುಗಳನ್ನೂ ಒಂದೊಂದಾಗಿ ಕಣ್ಣಲ್ಲಿ ಓದಬೇಕಾಯಿತು. ಇಪ್ಪತ್ತನಾಲ್ಕು ರಸಾಯನಶಾಸ್ತ್ರ. ಎರಡು ಕಳೆದುಹೋಗಿವೆ. ಉಳಿದ ಒಂದು, ೧೯೪೩ರ ಬೆರಳಚ್ಚಿನ ಕಡತ, ತೆಂಕಣ ಕರಾವಳಿಯಲ್ಲಿ ಕಚ್ಚಾ ಮಾಲಿನ ಸಂಗ್ರಹದ ಬಗ್ಗೆ. ಅದರ ಹುಡುಕುಪದಗಳು ಮೂರೇ: ‘ಅಗರ್’, ‘ಕಚ್ಚಾ ಮಾಲು’, ‘ಇತರೆ’. ೧೯೭೯ರಲ್ಲಿ ಈ ನಮೂದನ್ನು ಮಾಡಿದವರು ಅಸಡ್ಡೆಯಿಂದ ಮಾಡಿದ್ದಾರೆ. ‘ಇತರೆ’ ಎಂಬುದು ಹುಡುಕುಪದವಲ್ಲ, ಸೋಮಾರಿಗಳ ಕಸದಬುಟ್ಟಿ.

ಕಡತ ದುರ್ಬಲವಾಗಿದೆ, ಅಂಚೆಯಲ್ಲಿ ಪ್ರತಿ ಕಳಿಸಲು ನಿಯಮವಿಲ್ಲ. ಗೆಜೆಟೆಡ್ ಅಧಿಕಾರಿಯ ಪತ್ರದೊಂದಿಗೆ ಖುದ್ದಾಗಿ ಬಂದು ನೋಡಬಹುದು. ಅದರಲ್ಲಿ ನಿಮಗೆ ಬೇಕಾದದ್ದು ಇದ್ದೀತೆಂದು ನನಗೆ ನಂಬಿಕೆಯಿಲ್ಲ. ಬಸ್ಸಿನ ಖರ್ಚು ದಂಡವಾದರೆ ಗ್ರಂಥಾಲಯ ಹೊಣೆಯಲ್ಲ.

ಸಿ. ನಮಶಿವಾಯಂ


ವಡಲಿಮುನೈ
೧೭ ಸೆಪ್ಟೆಂಬರ್ ೨೦೦೨

ನಮಶಿವಾಯಂ ಅವರಿಗೆ,

ಹನ್ನೊಂದನೆಯ ತಾರೀಕು, ಬುಧವಾರ, ನಾನು ನಿಮ್ಮ ಗ್ರಂಥಾಲಯಕ್ಕೆ ಬಂದಿದ್ದೆ. ಸೆಲ್ವರಾಣಿ ಟೀಚರ್ ಜೊತೆಗಿದ್ದರು. ನೀವು ನೀಲಿ ಗೆರೆಯ ಅಂಗಿ ಹಾಕಿದ್ದಿರಿ. ಟೀಚರಿಗೆ, “ಬನ್ನಿ ಮೇಡಂ, ಕೂತ್ಕೊಳ್ಳಿ, ನೀವೇ ಅಲ್ವಾ ಪೂಮಯಿಲ್? ಫ್ಯಾನ್ ಕೆಳಗೆ ಕೂತ್ಕೊಳ್ಳಿ” ಅಂದಿರಿ. ನನ್ನ ಕಡೆ ಕೈ ಮಾಡಿ, “ಇದನ್ನ ಹೊರಗಡೆ ಕೂರಿಸಿ. ಓದೋ ಕೋಣೆಗೆ ಕರ್ಕೊಂಡು ಬರಬೇಡಿ, ಮೀನಿನ ವಾಸನೆ ಕಾಗದಕ್ಕೆ ಹತ್ತುತ್ತೆ” ಅಂದಿರಿ.

ಟೀಚರ್ ಬಾಯಿ ತೆರೆದರು. ನಾನೇ ಕಣ್ಣು ಮಿಟುಕಿಸಿ ಸುಮ್ಮನಾಗಿಸಿದೆ. ಐನೂರು ಕಿಲೋಮೀಟರ್ ಬಂದದ್ದು ಕಡತಕ್ಕೆ, ಜಗಳಕ್ಕಲ್ಲ. ನೀವು ಊಟಕ್ಕೆ ಎದ್ದು ಹೋದಮೇಲೆ ನಾನು ಒಳಗೆ ಬಂದೆ. ನಿಮ್ಮ ಜವಾನ ನೋಡಿ ಕುರ್ಚಿ ಎಳೆದು ಕೊಟ್ಟ. ನೀವು ಊಟಕ್ಕೆ ಒಂದೂಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತೀರಿ. ನಮಗೆ ಸಾಕಾಯಿತು.

ಹದಿನಾಲ್ಕನೆಯ ಪುಟದಿಂದ ಹತ್ತೊಂಬತ್ತರವರೆಗೆ. ಟೀಚರ್ ಓದಿ ಹೇಳಿದರು, ನಾನು ಬರೆದುಕೊಂಡೆ. ‘ಈ ಕೆಲಸವನ್ನು ಇಲ್ಲಿ ಹೆಣ್ಣು ಕೂಲಿಗಳೇ ಮಾಡುತ್ತಾರೆ. ಎದೆಮಟ್ಟದ ನೀರಿನಾಚೆ ಮುಳುಗಿ ಬಂಡೆಯಿಂದ ಕೈಯಲ್ಲಿ ಕೀಳುತ್ತಾರೆ. ತಲೆಮಾರುಗಳಿಂದ ಅವರಿಗೆ ರೂಢಿ. ಗಂಡಸರು ಇದನ್ನು ಕೀಳು ಕೆಲಸವೆಂದು ಮುಟ್ಟುವುದಿಲ್ಲ.’ ಕೊನೆಯಲ್ಲಿ ಆ ಋತುವಿನಲ್ಲಿ ಇಳಿದವರ ಪಟ್ಟಿ, ಮೂವತ್ತೊಂದು ಹೆಸರು, ತಂದೆಯ ಹೆಸರಿನ ಸಮೇತ. ಊರನ್ನು ‘ವುಡ್ಡಲ್‌ಮನಿ’ ಎಂದು ಬರೆದಿದ್ದಾರೆ. ನೀವು ಹೇಳಿದ ಹನ್ನೊಂದು ಬಗೆಯಲ್ಲಿ ಅದೊಂದು ಇರಬೇಕು.

ಇನ್ನೊಂದು ಕಂಡಿತು. ಕಡತದ ಒಳರಟ್ಟಿಗೆ ಒಂದು ಚೀಟಿ ಅಂಟಿಸಿದೆ. ಸೂಚಿ ಮಾಡಿದವರು: ಸಿ.ನ., ೮ ಮಾರ್ಚ್ ೧೯೭೯. ಅದರ ಕೆಳಗೆ ಪೆನ್ಸಿಲಿನಲ್ಲಿ, ನನಗೆ ನೀವು ಪತ್ರ ಬರೆಯುವ ಅದೇ ಕೈಬರಹ: ‘ಪುಟ ೧೪–೧೯, ಹೆಣ್ಣು ಕೂಲಿಗಳು, ಅಪ್ರಸ್ತುತ.’

ಅಂದರೆ ನೀವು ಓದಿದ್ದಿರಿ. ನೀವು ಓದಿ, ಇದು ಯಾರಿಗೂ ಬೇಡ ಎಂದುಕೊಂಡು, ‘ಇತರೆ’ ಎಂದು ಬರೆದು ಬೀರು ಮುಚ್ಚಿದಿರಿ. ಇಪ್ಪತ್ತಮೂರು ವರ್ಷವಾದ ಮೇಲೆ ನನಗೆ ‘ಸೂಚಿಯಲ್ಲಿ ಇಲ್ಲ, ಆದ್ದರಿಂದ ನಡೆದಿಲ್ಲ’ ಎಂದು ಪಾಠ ಹೇಳಿದಿರಿ. ನಮ್ಮ ಕಡೆಯ ಕಳ್ಳರು ಕೂಡ ಅಷ್ಟು ನಾಚಿಕೆಗೆಟ್ಟವರಲ್ಲ. ಕದ್ದ ದೋಣಿಯ ಮಾಲೀಕನಿಗೆ ದೋಣಿ ಕಟ್ಟುವುದು ಹೇಗೆಂದು ಕಲಿಸಲು ಹೋಗುವುದಿಲ್ಲ.

ನ್ಯಾಯಾಲಯಕ್ಕೆ ಮುದ್ರೆಯೊತ್ತಿ ಸಹಿ ಹಾಕಿದ ಪ್ರತಿ ಬೇಕು. ನಿಯಮದಂತೆ ಆರು ವಾರ ಹಿಡಿಯುತ್ತದೆ ಎಂದು ನಿಮ್ಮ ಕೌಂಟರಿನಲ್ಲಿ ಹೇಳಿದರು. ನಮಗಿರುವುದು ಐದು ವಾರ. ನಿಮ್ಮನ್ನು ಬೇಡಿಕೊಳ್ಳುವುದಿಲ್ಲ. ಕಳಿಸಿ.

ಎಂ. ಪೂಮಯಿಲ್


ಚೆನ್ನೈ
೩ ಅಕ್ಟೋಬರ್ ೨೦೦೨

ಶ್ರೀಮತಿ ಪೂಮಯಿಲ್ ಅವರಿಗೆ,

ಪುಟ ಹದಿನಾಲ್ಕರಿಂದ ಹತ್ತೊಂಬತ್ತು ಮತ್ತು ಅನುಬಂಧದ ದೃಢೀಕೃತ ಪ್ರತಿಗಳನ್ನು ಈ ಪತ್ರದೊಂದಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದೇನೆ. ಪ್ರತಿ ಪುಟದಲ್ಲೂ ನನ್ನ ಸಹಿ ಇದೆ. ನಿರ್ದೇಶಕರ ಅನುಮತಿಗೆ ಕಾದಿಲ್ಲ. ಅವರು ಕಾರಣ ಕೇಳಿ ಮೆಮೊ ಕೊಟ್ಟಿದ್ದಾರೆ. ಅದು ನಿಮಗೆ ಸಂಬಂಧಿಸಿದ್ದಲ್ಲ.

ಸಿ.ನ. ನಾನೇ. ಆಗ ದಿನಕ್ಕೆ ನಲವತ್ತು ಕಡತ ಮುಗಿಸಬೇಕಿತ್ತು, ಕಾರ್ಡಿನಲ್ಲಿ ಜಾಗ ಕಡಿಮೆ ಇತ್ತು ಎಂದು ಮೊದಲು ಬರೆದೆ. ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡಿದ್ದೇನೆ. ಜಾಗವಿತ್ತು. ಆರು ಪದಕ್ಕೆ ಜಾಗವಿತ್ತು, ಮೂರು ಬರೆದೆ. ಕಡಲ ರಸಾಯನಶಾಸ್ತ್ರ ಓದುವ ದೊಡ್ಡ ವಿದ್ವಾಂಸರು ಈ ಕಡತ ಹುಡುಕಿಕೊಂಡು ಬರುತ್ತಾರೆ, ಅವರಿಗೆ ಕೂಲಿಗಳಿಂದ ಏನಾಗಬೇಕು ಎಂದುಕೊಂಡಿದ್ದು ಚೆನ್ನಾಗಿ ನೆನಪಿದೆ. ಅಂಥ ವಿದ್ವಾಂಸರು ಒಬ್ಬರೂ ಬರಲಿಲ್ಲ. ಕಡತದ ಎರವಲು ಚೀಟಿ ಇಪ್ಪತ್ತಮೂರು ವರ್ಷ ಖಾಲಿಯಿತ್ತು. ಮೊದಲ ಹೆಸರು ಸೆಲ್ವರಾಣಿ.

ಬುಧವಾರ ನಿಮ್ಮನ್ನು ಹೊರಗೆ ಕೂರಿಸಿದ್ದು ನೆನಪಾಗುತ್ತಿಲ್ಲ. ಜವಾನನನ್ನು ಕೇಳಿದೆ. “ಹೌದು ಸಾರ್, ಅಂದ್ರಿ. ನೀವು ಎಲ್ರಿಗೂ ಹಾಗೇ ಅನ್ನೋದು” ಎಂದ.

ಕಡತದ ನಮೂದನ್ನು ತಿದ್ದುತ್ತಿದ್ದೇನೆ. ‘ವಡಲಿಮುನೈ’, ‘ವುಡ್ಡಲ್‌ಮನಿ’, ‘ಪಾಸಿ’, ‘ಮುಳುಗುವಿಕೆ’, ‘ಹೆಂಗಸರು’ ಸೇರಿಸಿದ್ದೇನೆ. ಅದೇ ಬೀರುವಿನಲ್ಲಿ ನಾನು ‘ಇತರೆ’ ಎಂದು ಬರೆದ ಕಡತಗಳು ಇನ್ನೂ ಆರುನೂರ ಹನ್ನೆರಡು ಇವೆ. ನನ್ನ ನಿವೃತ್ತಿಗೆ ಮೂರು ತಿಂಗಳಿದೆ.

ಒಂದು ಎಚ್ಚರಿಕೆ. ‘ವುಡ್ಡಲ್‌ಮನಿ’ ನಿಮ್ಮ ಊರೇ ಎಂಬುದಕ್ಕೆ ಕಡತದಲ್ಲಿ ನಕ್ಷೆಯಿಲ್ಲ. ಎದುರು ವಕೀಲರು ಅಲ್ಲೇ ಕೈ ಹಾಕುತ್ತಾರೆ. ನಾನಾಗಿದ್ದರೂ ಅಲ್ಲೇ ಹಾಕುತ್ತಿದ್ದೆ. ಬೇರೆ ಕಡತಗಳಲ್ಲಿ ಆ ಕಾಗುಣಿತ ಹುಡುಕಿದೆ, ಕೊನೆಯ ಅಕ್ಷರ ಬಿಟ್ಟು, ನಡುವಿನ ಅಕ್ಷರ ಬದಲಿಸಿ, ಒಂಬತ್ತು ಬಗೆಯಲ್ಲಿ. ಸಿಗಲಿಲ್ಲ. ಕ್ಷಮಿಸಿ.

ಸಿ. ನಮಶಿವಾಯಂ


ವಡಲಿಮುನೈ
೨೪ ಅಕ್ಟೋಬರ್ ೨೦೦೨

ನಮಶಿವಾಯಂ ಅವರಿಗೆ,

ಪ್ರತಿಗಳು ಹತ್ತನೆಯ ತಾರೀಕು ತಲುಪಿದವು. ಸೋಮವಾರ ಕೇಸು ನಡೆಯಿತು. ನಿಮ್ಮ ಮೆಮೊ ಏನಾಯಿತೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಯಾಕೆಂದರೆ ಸಹಿ ನಿಮ್ಮದು.

ನಾವು ಹದಿನಾಲ್ಕು ಜನ ಹೋಗಿದ್ದೆವು. ಇರುಳಾಯಿ ಅಜ್ಜಿ ಬೇಡವೆಂದರೂ ಬಂದಳು. ಹಿಂದಿನ ಬೆಂಚಿನಲ್ಲಿ ಕಾಲು ಮೇಲಿಟ್ಟು ಕೂತಳು. ನಮ್ಮ ವಕೀಲರು ಪುಟಗಳನ್ನು ಕೊಟ್ಟರು, ನ್ಯಾಯಾಧೀಶರು ಓದಿಕೊಂಡರು. ನೀವು ಹೇಳಿದ ಹಾಗೆಯೇ ಸರ್ಕಾರಿ ವಕೀಲರು ಎದ್ದರು.

“ಯುವರ್ ಆನರ್, ವುಡ್ಡಲ್‌ಮನಿ ಅನ್ನೋ ಊರು ಭೂಪಟದಲ್ಲೇ ಇಲ್ಲ. ಎಲ್ಲಿಯದೋ ಯಾರೋ ಕೂಲಿಗಳ ಪಟ್ಟಿ ತಂದು ನಮ್ಮಜ್ಜಿಯಂದಿರು ಅಂತಿದ್ದಾರೆ. ಎಲ್ಲರಿಗೂ ಅಜ್ಜಿಯರಿರ್ತಾರೆ.”

ಜನ ನಕ್ಕರು. ಹೊತ್ತು ಕಳೆಯಲೋ ಏನೋ, ನಮ್ಮ ವಕೀಲರು ಪಟ್ಟಿಯ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದರು. ಮುನಿಯಾಯಿ, ವೇಲುವಿನ ಮಗಳು. ಪಾಂಜಾಲೈ, ಕರುಪ್ಪನ ಮಗಳು. ಒಂದೊಂದೇ. ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಪ್ಪತ್ತೆರಡನೆಯದು ಬಂತು. “ಇರುಳಾಯಿ, ಚಾತ್ತಯ್ಯನ ಮಗಳು.”

“ಇಲ್ಲೇ ಇದ್ದೀನಿ ಸಾಮಿ” ಎಂದು ಹಿಂದಿನಿಂದ ಧ್ವನಿ ಬಂತು.

ಅಜ್ಜಿ ಎದ್ದು ನಿಂತಿದ್ದಳು. ನಮ್ಮ ಕಡೆ ಬೀದಿಗೊಬ್ಬಳು ಇರುಳಾಯಿ, ಇವಳ ತಂದೆಯ ಹೆಸರು ನನಗೂ ಗೊತ್ತಿರಲಿಲ್ಲ. ಅವಳಿಗೆ ವಾದ ಏನೂ ತಿಳಿದಿರಲಿಲ್ಲ. ಹೆಸರು ಕರೆದರು, ಎದ್ದಳು, ಅಷ್ಟೇ. ಜವಾನ ಕೂರಿಸಲು ಹೋದ. ನ್ಯಾಯಾಧೀಶರು ಕೈ ಎತ್ತಿ ತಡೆದರು.

“ಅಜ್ಜೀ, ನೀವು ಯಾವ ಊರು?”

“ವಡಲಿಮುನೈ. ಇನ್ಯಾವೂರಿದೆ?”

“ನಿಮ್ಮ ಹೆಸರು ಬರ್ಕೊಂಡವ್ರು ಯಾರು ಗೊತ್ತಾ?”

“ಗೊತ್ತಿಲ್ದೆ ಏನು? ದೊರೆ. ಕೆಂಪ್ಗಿದ್ದ. ನೀರಂದ್ರೆ ಹೆದರ್ತಿದ್ದ. ದೋಣೀಲೇ ಕೂತು ವಾಂತಿ ಮಾಡ್ಕೊಳ್ತಿದ್ದ. ನಮ್ಮೂರ ಹೆಸ್ರು ನಾಲಿಗೇಗೆ ಬರ್ತಿರ್ಲಿಲ್ಲ ಮಾರಾಯ್ನಿಗೆ. ವುಡ್ಡುಲ್ ವುಡ್ಡುಲ್ ಅಂತ ಬಡ್ಕೊಳ್ಳೋನು. ನಾವು ಮುಳುಗಿ ನೀರೊಳಗೇ ನಗ್ತಿದ್ವಿ, ಮೇಲ್ನಕ್ರೆ ಬೈತಾನೆ ಅಂತ.”

ಸರ್ಕಾರಿ ವಕೀಲರು ಕೂತರು. ಆಮೇಲೆ ಅವರು ಎದ್ದದ್ದು ಒಮ್ಮೆ ಮಾತ್ರ, ಫ್ಯಾನ್ ಜೋರು ಮಾಡಿಸಲು.

ಒಂಬತ್ತು ಜನರ ಮೇಲಿನ ಕೇಸು ವಜಾ ಆಯಿತು. ಕರಾವಳಿಗೆ ಹತ್ತಿರದ ಬಂಡೆಗಳಲ್ಲಿ ಕೈಯಿಂದ ಕೀಳುವುದಕ್ಕೆ ತಡೆಯಿಲ್ಲ. ದ್ವೀಪಗಳ ಮಾತು ಜನವರಿಗೆ ಹೋಗಿದೆ. ಪೂರಾ ಗೆಲುವಲ್ಲ. ಆದರೆ ತೀರ್ಪಿನಲ್ಲಿ ‘ವಡಲಿಮುನೈಯ ಮುಳುಗುವ ಹೆಂಗಸರು’ ಎಂದು ನ್ಯಾಯಾಧೀಶರು ತಮ್ಮ ಕೈಯಲ್ಲೇ ಬರೆದಿದ್ದಾರೆ. ಇನ್ನು ಯಾವನಾದರೂ ಕಾಗದ ತೋರಿಸು ಎಂದರೆ ತೋರಿಸಲು ಕಾಗದವಿದೆ.

ನೀವು ಕ್ಷಮಿಸಿ ಎಂದು ಬರೆದಿದ್ದೀರಿ. ಅದು ಕಾಗುಣಿತ ಸಿಗಲಿಲ್ಲ ಎಂಬುದಕ್ಕೋ, ಬೇರೆಯದಕ್ಕೋ ತಿಳಿಯಲಿಲ್ಲ. ಬೇರೆಯದಕ್ಕಾದರೆ ನನ್ನಲ್ಲಿ ಕ್ಷಮೆ ಇನ್ನೂ ಇಲ್ಲ. ಉಳಿದ ಆರುನೂರ ಹನ್ನೆರಡರಲ್ಲಿ ನಮ್ಮಂಥವರು ಎಷ್ಟು ಜನ ಕೂತಿದ್ದಾರೋ, ಅವರನ್ನು ಒಳಗೆ ಕರೆಯಿರಿ. ಮೂರು ತಿಂಗಳು ಸಾಲದಿದ್ದರೆ ನಿವೃತ್ತಿಯಾದ ಮೇಲೂ ಹೋಗಿ ಕೂರಿ. ಊಟಕ್ಕೆ ಒಂದೂಮುಕ್ಕಾಲು ಗಂಟೆ ತೆಗೆದುಕೊಳ್ಳಬೇಡಿ.

ಕಿತ್ತುಕೊಂಡಿದ್ದ ಸಾಮಾನನ್ನು ನಿನ್ನೆ ಹಿಂತಿರುಗಿಸಿದರು. ಕಾಳಿಯಾಯಿಯ ಕನ್ನಡಿ ಒಡೆದಿತ್ತು. ಅದನ್ನೇ ಕಣ್ಣಿಗೇರಿಸಿಕೊಂಡು ಕಾವಲಿನವನ ಮುಂದೆ ಎರಡು ನಿಮಿಷ ನಿಂತಳು. ಅವನು ಮುಖ ತಿರುಗಿಸಿ ಬೀಡಿ ಹುಡುಕಿದ.

ನಾಳೆ ಬೆಳಿಗ್ಗೆ ನೀರು ತಿಳಿಯಾಗಿರುತ್ತದೆ. ಬೆರಳಿಗೆ ಬಟ್ಟೆ ಹರಿದುಕೊಳ್ಳಬೇಕು. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ಎಂ. ಪೂಮಯಿಲ್